ಪಿಕಪ್ಪೂ ಬೇಕು, ಪೈಪೂ ಉಳಿಯಬೇಕು

ಹಿಂದೂಪುರದ ಬಂಕಿಗೆ ಕಾರು ತಿರುಗಿಸಿದರೆ ಹುಡುಗ ಮೊದಲು ತೆಲುಗಿನಲ್ಲಿ ಕೇಳುತ್ತಾನೆ, ಮಾಮೂಲಾ ಪ್ರೀಮಿಯಮ್ಮಾ ಅಂತ. ಉತ್ತರ ಕನ್ನಡದಲ್ಲಿ ಬಂದರೆ ಅವನೂ ಸಲೀಸಾಗಿ ಕನ್ನಡಕ್ಕೆ ಹೊರಳುತ್ತಾನೆ. ಹಾಗೆ ಹೊರಳಿದವನೊಬ್ಬ ಕಳೆದ ಬೇಸಿಗೆಯಲ್ಲಿ ನನ್ನ ಕಾರಿನ ಬೆನ್ನ ಮೇಲಿದ್ದ ಟರ್ಬೊ ಬಿಲ್ಲೆ ನೋಡಿ, "ಪ್ರೀಮಿಯಂ ಹಾಕ್ಸ್ಕೊಳ್ಳಣ್ಣಾ, ಅದ್ರಲ್ಲಿ ಎಥೆನಾಲ್ ಇರಲ್ಲ, ಇಂಜಿನ್ನಿಗೆ ಒಳ್ಳೇದು" ಅಂದ. ಪಾಪ, ಅವನಿಗೆ ಯಾರೋ ಹಾಗೆ ಹೇಳಿಕೊಟ್ಟಿದ್ದರು. ಹಿಂದೆ ಸಾಲಿನಲ್ಲಿ ನಿಂತಿದ್ದ ಬೈಕಿನವರೂ ಹೌದು ಹೌದು ಎಂದು ತಲೆಯಾಡಿಸಿದರು.

ಆ ಮಾತು ಮುಕ್ಕಾಲುಪಾಲು ತಪ್ಪು. ಬಂಕುಗಳಲ್ಲಿ 95 ಎಂಬ ಅಂಕಿ ಹೊತ್ತು ಬರುವ ಪ್ರೀಮಿಯಂ ಪೆಟ್ರೋಲಿನಲ್ಲೂ ಎಥೆನಾಲ್ ಬೆರೆತೇ ಇರುತ್ತದೆ. ಏಳೆಂಟು ರೂಪಾಯಿ ಜಾಸ್ತಿ ಕೊಟ್ಟು ನಾವು ಕೊಳ್ಳುವುದು ಆಕ್ಟೇನಿನ ಭರವಸೆಯನ್ನು ಮತ್ತು ಇಂಜೆಕ್ಟರು, ವಾಲ್ವುಗಳ ಮೇಲೆ ಮಸಿ ಕೂರದ ಹಾಗೆ ನೋಡಿಕೊಳ್ಳುವ ಒಂದಿಷ್ಟು ರಾಸಾಯನಿಕವನ್ನು. ಎಥೆನಾಲ್ ಇಲ್ಲದ ಪೆಟ್ರೋಲೇ ಬೇಕೆಂದರೆ 100 ಆಕ್ಟೇನಿನ ಎಕ್ಸ್‌ಪಿ100ರಂಥದ್ದನ್ನು ಹುಡುಕಬೇಕು. ಇಂಡಿಯನ್ ಆಯಿಲ್ ಅದನ್ನು 2020ರ ಡಿಸೆಂಬರ್ 1ರಂದು ಬಿಡುಗಡೆ ಮಾಡಿತು. ಮಥುರಾ ರಿಫೈನರಿಯಲ್ಲಿ ತಯಾರಾಗಿ ಮೊದಲು ಉತ್ತರದ, ಪಶ್ಚಿಮದ 10 ನಗರಗಳಿಗೆ ಹೋಯಿತು; ಬೆಂಗಳೂರು, ಹೈದರಾಬಾದುಗಳ ಹೆಸರಿದ್ದದ್ದು ಎರಡನೇ ಕಂತಿನಲ್ಲಿ. ಬಿಡುಗಡೆಯಾದಾಗ ಬೆಲೆ ಲೀಟರಿಗೆ 160 ರೂಪಾಯಿ ಆಸುಪಾಸು ಇತ್ತು. ಹಿಂದೂಪುರದವರಿಗೆ ಅದು ನೂರು ಕಿಲೋಮೀಟರ್ ದೂರದ ಮಾತು, ಕಲ್ಯಾಣದುರ್ಗದವರಿಗೆ ಇನ್ನೂ ದೂರದ್ದು.

ಇಲ್ಲಿ ಎರಡು ಬೇರೆ ಪ್ರಶ್ನೆಗಳು ಗಂಟುಬಿದ್ದಿವೆ. ಆಕ್ಟೇನ್ ಎಷ್ಟಿರಬೇಕು ಎನ್ನುವುದು ಇಂಜಿನ್ನಿನ ಒಳಗಿನ ಒತ್ತಡಕ್ಕೆ ಸೇರಿದ್ದು. ಎಥೆನಾಲ್ ಎಷ್ಟಿರಬಹುದು ಎನ್ನುವುದು ಟ್ಯಾಂಕಿನಿಂದ ಇಂಜೆಕ್ಟರಿನವರೆಗಿನ ರಬ್ಬರು, ಲೋಹ, ಪಂಪಿಗೆ ಸೇರಿದ್ದು. ಎರಡನ್ನೂ ಒಂದೇ ನಾಜಲ್ಲಿನಿಂದ ತೀರಿಸಿಕೊಳ್ಳಲು ಹೋದವರೇ ದುಡ್ಡು ಕಳೆದುಕೊಳ್ಳುವುದು.

ಆಕ್ಟೇನ್ ಎಂದರೆ ಶಕ್ತಿಯಲ್ಲ, ತಾಳ್ಮೆ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಸಿಲಿಂಡರಿನೊಳಗೆ ಎಷ್ಟು ಅದುಮಿದರೂ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ಬಂದು ಮುಟ್ಟುವ ಮುಂಚೆ ಅದು ತಾನಾಗಿ ಹೊತ್ತಿಕೊಳ್ಳಬಾರದು. ಆ ತಾಳ್ಮೆಯ ಅಳತೆಯೇ ಆಕ್ಟೇನ್ ಸಂಖ್ಯೆ. ಟರ್ಬೊ ಇಂಜಿನ್ನು ಗಾಳಿಯನ್ನು ಒತ್ತಿ ಒತ್ತಿ ತುರುಕುವುದರಿಂದ ಅದಕ್ಕೆ ಹೆಚ್ಚು ತಾಳ್ಮೆಯ ಪೆಟ್ರೋಲು ಬೇಕು. ಟಾಪ್ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಿರುವಾಗ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ ನೋಡಿ. ಡಬ್ಬಿಯಲ್ಲಿ ಒಣಗಿದ ಕಡಲೆಕಾಯಿ ಹಾಕಿ ಅಲುಗಿಸಿದಂತೆ ಬಾನೆಟ್ಟಿನ ಕೆಳಗಿನಿಂದ ಕಟಕಟ ಸದ್ದು ಬಂದರೆ ಅದೇ ನಾಕಿಂಗು. ಈಗಿನ ಕಾರುಗಳಲ್ಲಿ ನಾಕ್ ಸೆನ್ಸರ್ ಇರುತ್ತದೆ. ಸದ್ದು ನಿಮ್ಮ ಕಿವಿಗೆ ಬೀಳುವ ಮೊದಲೇ ಅದು ಕೇಳಿಸಿಕೊಂಡು, ಕಿಡಿ ಹಾರುವುದನ್ನು ತುಸು ತಡಮಾಡಿಸುತ್ತದೆ. ಇಂಜಿನ್ ಉಳಿಯುತ್ತದೆ, ಪಿಕಪ್ ಹೋಗುತ್ತದೆ.

ಈ ಲೆಕ್ಕದಲ್ಲಿ ನಮ್ಮ ಸೀಮೆಯ ಬಿಸಿಲನ್ನು ಸೇರಿಸಿಕೊಳ್ಳಲೇಬೇಕು. ಇಂಜಿನ್ನಿಗೆ ಹೋಗುವ ಗಾಳಿ ಬಿಸಿಯಾದಷ್ಟೂ ನಾಕಿಂಗ್ ಬೇಗ ಶುರುವಾಗುತ್ತದೆ. ಏಪ್ರಿಲ್ ಕೊನೆಯಲ್ಲಿ ಅನಂತಪುರದಿಂದ ಕಲ್ಯಾಣದುರ್ಗಕ್ಕೆ ಮಟಮಟ ಮಧ್ಯಾಹ್ನ ನಾಲ್ಕು ಜನರನ್ನು ಕೂರಿಸಿಕೊಂಡು, ಎಸಿ ಹಾಕಿಕೊಂಡು ಹೊರಟ ಟರ್ಬೊ ಕಾರು, ಡಿಸೆಂಬರಿನ ಬೆಳಗ್ಗೆ ಲೇಪಾಕ್ಷಿ ರಸ್ತೆಯಲ್ಲಿ ಹಾರಿದ ಅದೇ ಕಾರಲ್ಲ. ಬೇಸಿಗೆಯಲ್ಲಿ ಗಾಡಿ ಎಳೆಯುತ್ತಿಲ್ಲ ಎಂದು ಗೊಣಗುವವರಲ್ಲಿ ಅನೇಕರ ಕಾರಿಗೆ ರೋಗವೇನೂ ಇರುವುದಿಲ್ಲ. ಸೆನ್ಸರ್ ತನ್ನ ಕೆಲಸ ಮಾಡುತ್ತಿರುತ್ತದೆ, ಅಷ್ಟೆ.

ಎಥೆನಾಲನ್ನು ಬೈಯುವವರು ಇಲ್ಲೊಂದು ವಿಷಯ ಮರೆಯುತ್ತಾರೆ. ಎಥೆನಾಲಿನ ಆಕ್ಟೇನ್ 108ರ ಸುತ್ತ ಇದೆ. ಬಿಎಸ್6 ಕಾಲದ ಸಾದಾ ಪೆಟ್ರೋಲಿನದು ಕನಿಷ್ಠ 91. ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಇ20ಯದು 95ರ ಹತ್ತಿರ ಬರುತ್ತದೆಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿಕೊಂಡಿತು. ಮೊದಲು ಜಾಸ್ತಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದ ತಾಳ್ಮೆ ಈಗ ಮಾಮೂಲಿ ನಾಜಲ್ಲಿನಲ್ಲೇ ಬರುತ್ತಿದೆ. ಜೊತೆಗೆ ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಹೀರಿಕೊಂಡು ಸಿಲಿಂಡರನ್ನು ತಂಪು ಮಾಡುತ್ತದೆ. ರೇಸಿನವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಅಮೆರಿಕದ ಇಂಡಿಕಾರ್ 2007ರಲ್ಲೇ ಎಥೆನಾಲಿಗೆ ಹೋಯಿತು, ಫಾರ್ಮುಲಾ ಒನ್ 2022ರಿಂದ ಇ10 ಹಾಕಿತು. ಬ್ರೆಜಿಲ್ಲಿನ ಬಂಕುಗಳಲ್ಲಿ 2025ರ ಆಗಸ್ಟ್‌ನಿಂದ 30 ಪಾಲಿನ ಮಿಶ್ರಣ ಬಂದಿದೆ. ಆದರೆ ಅಲ್ಲಿಯ ಕಾರುಗಳನ್ನು ದಶಕಗಳಿಂದ ಅದಕ್ಕೆಂದೇ ಕಟ್ಟುತ್ತಾ ಬಂದಿದ್ದಾರೆ. ನಮ್ಮಲ್ಲಿ ಹಾಗಿಲ್ಲ, ತಕರಾರು ಇರುವುದೇ ಅಲ್ಲಿ.

2014ರಲ್ಲಿ ನಮ್ಮ ಪೆಟ್ರೋಲಿನಲ್ಲಿದ್ದ ಎಥೆನಾಲ್ ನೂರಕ್ಕೆ ಒಂದೂವರೆ ಪಾಲು. 2022ರ ಜೂನಿಗೆ ಅದು 10 ಆಯಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಧನ ಸಪ್ತಾಹದಲ್ಲಿ ಪ್ರಧಾನಿ ಇ20ಗೆ ಚಾಲನೆ ಕೊಟ್ಟಾಗ ಅದು ಸಿಗುತ್ತಿದ್ದದ್ದು 84 ಬಂಕುಗಳಲ್ಲಿ. ಎರಡೇ ವರ್ಷಕ್ಕೆ ದೇಶವೆಲ್ಲ ಅದೇ ಆಯಿತು. ಮೊದಲು 2030ಕ್ಕೆಂದು ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮುಂಚೆಯೇ ಮುಟ್ಟಿತು. ಹಳೆಯ ಕಾರಿನವರಿಗೆ ಎಥೆನಾಲ್ ಇಲ್ಲದ್ದನ್ನು ಆರಿಸಿಕೊಳ್ಳುವ ಅವಕಾಶವಾದರೂ ಇರಲಿ ಎಂದು ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಿಂದೂಪುರ ಬೆಲ್ಲದ ಮಂಡಿಯ ಊರು, ಕಬ್ಬಿನ ಹಾಲು ಎಲ್ಲೆಲ್ಲಿ ಹರಿಯುತ್ತದೆ ಎನ್ನುವುದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ಆದರೆ ಈಗ ಎಥೆನಾಲಿನ ದೊಡ್ಡ ಪಾಲು ಬರುತ್ತಿರುವುದು ಕಬ್ಬಿನಿಂದಲ್ಲ, ಮುಸುಕಿನ ಜೋಳದಂಥ ಧಾನ್ಯಗಳಿಂದ. ರೈತರಿಗೆ ಇದರಿಂದ ಎಷ್ಟು ಸಿಕ್ಕಿತು ಎಂಬುದು ಇನ್ನೊಂದು ಲೇಖನದ ಸಂಗತಿ. ಅದನ್ನು ಬರೆಯುವಾಗ ನನ್ನ ದನಿ ಇಷ್ಟು ತಣ್ಣಗಿರುವುದಿಲ್ಲ.

ಈಗ ಮೈಲೇಜಿಗೆ ಬರೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಾಖವಿದ್ದರೆ ಎಥೆನಾಲಿನಲ್ಲಿ 21. ಕಾಗದದ ಮೇಲೆ ಕೂಡಿ ಕಳೆದರೆ ಇ20ಯಲ್ಲಿ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಆರೇಳು ಪಾಲು ಶಕ್ತಿ ಕಡಿಮೆ, ಇ10ಕ್ಕಿಂತ ಮೂರೂವರೆ ಪಾಲು ಕಡಿಮೆ. ನೀತಿ ಆಯೋಗದ 2021ರ ವರದಿಯೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿತ್ತು: ಇ10ಕ್ಕೆ ಕಟ್ಟಿ ಇ20ಗೆ ಹೊಂದಿಸಿದ ಕಾರುಗಳಲ್ಲಿ ಒಂದೆರಡು ಪಾಲು ಇಳಿಕೆ, ಅದಕ್ಕೂ ಹಳೆಯ ವಿನ್ಯಾಸದವುಗಳಲ್ಲಿ ಆರೇಳರವರೆಗೆ. ಹದಿನಾಲ್ಕು ಕೊಡುತ್ತಿದ್ದ ಕಾರು ಹದಿಮೂರೂವರೆಗೆ ಇಳಿದರೆ ಅದು ಎಥೆನಾಲು. ಹತ್ತಕ್ಕೆ ಇಳಿದಿದ್ದರೆ ಎಥೆನಾಲಿನ ತಲೆಗೆ ಕಟ್ಟಬೇಡಿ. ಏರ್ ಫಿಲ್ಟರು, ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕು ನೋಡಿಸಿ.

ಇದೇ ಹದಿನಾಲ್ಕರ ಕಾರಿಗೆ 160 ರೂಪಾಯಿಯ ಪೆಟ್ರೋಲು ಹಾಕಿದರೆ? ಮಾಮೂಲಿ ಪೆಟ್ರೋಲನ್ನು 110 ರೂಪಾಯಿ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಏಳು ರೂಪಾಯಿ ಎಂಬತ್ತಾರು ಪೈಸೆ ಬೀಳುತ್ತದೆ. ಎಥೆನಾಲ್ ಇಲ್ಲದ್ದರಿಂದ ಮೈಲೇಜು ಹದಿನೈದಕ್ಕೆ ಏರಿತೆಂದರೂ ದುಬಾರಿ ಪೆಟ್ರೋಲಿನಲ್ಲಿ ಹತ್ತು ರೂಪಾಯಿ ಅರವತ್ತೇಳು ಪೈಸೆ. ಲೆಕ್ಕ ಸಮವಾಗಬೇಕಾದರೆ ಕಾರು ಲೀಟರಿಗೆ ಇಪ್ಪತ್ತು ದಾಟಬೇಕು. ಟರ್ಬೊ ಕಾರಿನ ಪಿಕಪ್ಪಿಗೆ ಆಸೆಪಟ್ಟು ಕೊಂಡವರು ಆ ಮೈಲೇಜು ತೆಗೆಯುವಷ್ಟು ಮೆಲ್ಲಗೆ ಓಡಿಸುವುದೂ ಇಲ್ಲ.

ಹಾಗಾದರೆ ಯಾವ ಕಾರಿಗೆ ಯಾವುದು? ಬಂಕಿಗೆ ಹೋಗುವ ಮುಂಚೆ ಪೆಟ್ರೋಲ್ ಮುಚ್ಚಳದ ಬಾಗಿಲು ತೆರೆದು ಒಳಗೆ ಅಂಟಿಸಿದ ಚೀಟಿ ನೋಡಿ. ಇ10 ಎಂದಿದೆಯೋ, ಇ20 ಎಂದಿದೆಯೋ, ಆಕ್ಟೇನ್ ಎಷ್ಟು ಎಂದಿದೆಯೋ. ಚೀಟಿ ಇಲ್ಲದಿದ್ದರೆ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇಂಧನದ ಪುಟ ತೆಗೆಯಿರಿ. ಆ ಪುಸ್ತಕವನ್ನು ಯಾರೂ ಓದುವುದಿಲ್ಲ. ನಾನೂ ನನ್ನದನ್ನು ಒಂಬತ್ತನೇ ವರ್ಷದಲ್ಲಿ ಓದಿದ್ದು.

2023ರ ಏಪ್ರಿಲ್ ನಂತರ ತಯಾರಾದ ಕಾರಾದರೆ ಬಹುತೇಕ ಚಿಂತೆಯಿಲ್ಲ. ಪೆನುಕೊಂಡ ಹತ್ತಿರದ ಕಿಯಾ ಕಾರ್ಖಾನೆಯಿಂದ ಹೊರಬರುವ ಈಚಿನ ಟರ್ಬೊ ಪೆಟ್ರೋಲ್ ಕಾರುಗಳಾಗಲಿ, ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾಗಳ ಒಂದೂವರೆ ಲೀಟರ್ ಟರ್ಬೊ ಆಗಲಿ, ಈ ಕಾಲದವು ಇ20 ತಡೆಯುವ ರಬ್ಬರು, ಪಂಪುಗಳೊಂದಿಗೇ ಬರುತ್ತವೆ. ಇವಕ್ಕೆ ಮಾಮೂಲಿ ಸಾಕು. ಪುಸ್ತಕದಲ್ಲಿ 95 ಬೇಕೆಂದು ಬರೆದಿದ್ದರೆ, ಮಾರ್ಚಿನಿಂದ ಜೂನಿನವರೆಗೆ, ದೂರದ ಪ್ರಯಾಣ, ತುಂಬಿದ ಗಾಡಿ ಎಂದಾಗ ಪ್ರೀಮಿಯಂ 95 ಹಾಕಿಸಿ. ಉಳಿದ ದಿನ ಆ ದುಡ್ಡನ್ನು ಉಳಿಸಿ ಒಳ್ಳೆಯ ಟೈರಿಗೆ ಹಾಕಿ. ಟರ್ಬೊ ಇಲ್ಲದ ಸಾದಾ ಇಂಜಿನ್ನಿಗೆ ಪ್ರೀಮಿಯಂ ಹಾಕುವುದು ರಾಗಿ ಮುದ್ದೆಗೆ ಕೇಸರಿ ಉದುರಿಸಿದ ಹಾಗೆ.

ಕಷ್ಟವಿರುವುದು ನಡುವಿನವರಿಗೆ, ಅಂದರೆ 2012ರಿಂದ 2022ರ ತನಕ ಬಂದ ಟರ್ಬೊ ಕಾರುಗಳವರಿಗೆ. ಪೋಲೊ ಜಿಟಿ ಟಿಎಸ್‌ಐ, ಮೊದಲ ಸೆಲ್ಟೋಸಿನ 1.4 ಟರ್ಬೊ, ಐ20 ಎನ್ ಲೈನ್ ಇಂಥವನ್ನು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದು ಮನೆ ಮುಂದೆ ನಿಲ್ಲಿಸಿದ ಹುಡುಗರು ಹಿಂದೂಪುರದಲ್ಲಿ ಬೇಕಾದಷ್ಟಿದ್ದಾರೆ. ಈ ಕಾರುಗಳ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರು, ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ತಾನೇ ಇಂಧನವನ್ನು ಒಂದಿಷ್ಟು ಹೆಚ್ಚು ಸುರಿದುಕೊಳ್ಳುತ್ತದೆ, ಆದ್ದರಿಂದ ಓಡುವುದಕ್ಕೆ ತೊಂದರೆಯಿಲ್ಲ. ತೊಂದರೆ ನಿಧಾನವಾಗಿ ಬರುವುದು, ಪೈಪು, ಓ-ರಿಂಗು, ಗ್ಯಾಸ್ಕೆಟ್ಟುಗಳಲ್ಲಿ. ಕೆಲವು ಹಳೆಯ ಗಾಡಿಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದೆಂದು ಸಚಿವಾಲಯವೂ ಒಪ್ಪಿಕೊಂಡಿದೆ. ಇವರಿಗೆ ನನ್ನ ಸಲಹೆ: ಪ್ರೀಮಿಯಂ 95 ಹಾಕಿಸಿ ಎಥೆನಾಲಿನಿಂದ ತಪ್ಪಿಸಿಕೊಂಡೆ ಎಂದುಕೊಳ್ಳಬೇಡಿ. ವರ್ಷಕ್ಕೊಮ್ಮೆ ಇಂಧನದ ಲೈನನ್ನು ಉದ್ದಕ್ಕೂ ನೋಡಿಸಿ. ಬೆಂಗಳೂರಿಗೆ ಹೋದಾಗ ಎಕ್ಸ್‌ಪಿ100 ಸಿಕ್ಕಿತೆಂದು ಒಂದು ಟ್ಯಾಂಕ್ ಹಾಕಿಸಿದರೆ ಖುಷಿಗೆ ಆಯಿತು, ಅದರಿಂದ ಪೈಪಿನ ಆಯುಷ್ಯ ಹೆಚ್ಚುವುದಿಲ್ಲ.

ಹೆಚ್ಚು ಪಿಕಪ್ಪಿಗೆಂದು ಇಸಿಯು ರೀಮ್ಯಾಪ್ ಮಾಡಿಸಿದವರು, ಅಂದರೆ ಅದರ ಲೆಕ್ಕಾಚಾರವನ್ನೇ ತಿದ್ದಿಸಿದವರು ಮಾತ್ರ ಕಿವಿ ನೆಟ್ಟಗೆ ಮಾಡಿಕೊಳ್ಳಿ. ಇ10 ಕಾಲದಲ್ಲಿ ಟರ್ಬೊ ಒತ್ತಡ ಏರಿಸಿ ಮಾಡಿದ ಮ್ಯಾಪಿನಲ್ಲಿ ಇಂಜೆಕ್ಟರು ಆಗಲೇ ತನ್ನ ತುದಿಯಲ್ಲಿ ಕೆಲಸ ಮಾಡುತ್ತಿರಬಹುದು. ಇ20ಗೆ ಇನ್ನೂ ಮೂರ್ನಾಲ್ಕು ಪಾಲು ಹೆಚ್ಚು ಸುರಿಯಬೇಕು. ಸುರಿಯಲಾಗದಿದ್ದರೆ ಪೂರ್ತಿ ಆಕ್ಸಿಲರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ, ತೆಳುವಾದರೆ ಬಿಸಿಯೇರುತ್ತದೆ, ಪಿಸ್ಟನ್ನಿಗೆ ಕುತ್ತು. ಅದೇ ಟ್ಯೂನರಿನ ಹತ್ತಿರ ಹೋಗಿ, ಟ್ಯಾಂಕಿನಲ್ಲಿ ನಮ್ಮೂರ ಮಾಮೂಲಿ ಪೆಟ್ರೋಲ್ ಇಟ್ಟುಕೊಂಡೇ ಮತ್ತೆ ಲಾಗ್ ತೆಗೆಸಿ. ಎಥೆನಾಲಿಗೆ ತಕ್ಕಂತೆ ಮ್ಯಾಪ್ ಬರೆದರೆ ಇದೇ ಇ20ಯಲ್ಲಿ ಮೊದಲಿಗಿಂತ ಹೆಚ್ಚು ಪಿಕಪ್ ತೆಗೆಯುವುದೂ ಉಂಟು.

ಗಡಿಯವರಾದ ನಮಗೆ ಇನ್ನೊಂದು ಚಾಳಿಯಿದೆ, ಕರ್ನಾಟಕಕ್ಕೆ ಹೋಗಿ ಪೆಟ್ರೋಲ್ ಹಾಕಿಸುವುದು. ಆಂಧ್ರದಲ್ಲಿ ವ್ಯಾಟ್ ನೂರಕ್ಕೆ 31, ಅದರ ಮೇಲೆ ಲೀಟರಿಗೆ 4 ರೂಪಾಯಿ, ರಸ್ತೆ ಸೆಸ್ ಎಂದು ಇನ್ನೊಂದು ರೂಪಾಯಿ. ಕರ್ನಾಟಕದಲ್ಲಿ 2024ರ ಜೂನಿನಲ್ಲಿ ಏರಿಸಿದ ಮೇಲೂ ಅದು 29.84. ಹಾಗಾಗಿ ಈಚಿನ ವರ್ಷಗಳಲ್ಲಿ ಲೀಟರಿಗೆ ಆರೇಳು ರೂಪಾಯಿ ವ್ಯತ್ಯಾಸ. ಗೌರಿಬಿದನೂರಿನಲ್ಲೋ ಪಾವಗಡದಲ್ಲೋ ಕೆಲಸವಿದ್ದರೆ ಹಾಕಿಸಿಕೊಂಡು ಬನ್ನಿ. ಪೆಟ್ರೋಲಿಗೆಂದೇ ಹಿಂದೂಪುರದಿಂದ ಗೌರಿಬಿದನೂರಿಗೆ ಹೋದರೆ ಹೋಗಿ ಬರುವುದಕ್ಕೆ ಮೂರು ಲೀಟರ್ ಸುಡುತ್ತದೆ. ನಲವತ್ತು ಲೀಟರಿನಲ್ಲಿ ಉಳಿಸಿದ ಇನ್ನೂರ ನಲವತ್ತು, ಇನ್ನೂರ ಎಂಬತ್ತು ರೂಪಾಯಿಗೆ ಮುನ್ನೂರು ದಾಟಿ ಖರ್ಚು. ಆ ಕಡೆಯ ಪೆಟ್ರೋಲಿನಲ್ಲಿ ಎಥೆನಾಲ್ ಕಡಿಮೆ ಎಂಬ ನಂಬಿಕೆಯಂತೂ ಶುದ್ಧ ಸುಳ್ಳು. ಅಲ್ಲೂ ಇ20, ಇಲ್ಲೂ ಇ20.

ಎಥೆನಾಲಿನ ನಿಜವಾದ ದುರ್ಗುಣವನ್ನು ನಾನು ಕಣ್ಣಾರೆ ಕಂಡದ್ದು ಕಾರು ಓಡಿಸುವಾಗಲ್ಲ, ಓಡಿಸದೆ ಬಿಟ್ಟಾಗ. ಒಂದು ವರ್ಷ ಆಗಸ್ಟಿನಿಂದ ಅಕ್ಟೋಬರ್ ನಡುವೆ ಎರಡೂವರೆ ತಿಂಗಳು ಊರಲ್ಲಿರಲಿಲ್ಲ. ಕಾರು ಕಾಲು ಟ್ಯಾಂಕ್ ಪೆಟ್ರೋಲಿನೊಂದಿಗೆ ಅಂಗಳದಲ್ಲಿ ನಿಂತಿತ್ತು. ನಮ್ಮಲ್ಲಿ ಮಳೆಯೆಂದು ಬರುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಆ ವರ್ಷ ಬಂತು ಕೂಡ. ವಾಪಸ್ ಬಂದು ಸ್ಟಾರ್ಟ್ ಮಾಡಿದರೆ ಕಾರು ಹೊರಟಿತು, ಗೇಟು ದಾಟುವಷ್ಟರಲ್ಲಿ ಜಗ್ಗತೊಡಗಿತು. ಗ್ಯಾರೇಜೊಂದರಲ್ಲಿ ನಾಲ್ಕೂ ಇಂಜೆಕ್ಟರ್ ಬದಲಿಸಬೇಕು ಎಂದು ದೊಡ್ಡ ಮೊತ್ತದ ಪಟ್ಟಿ ಬರೆದುಕೊಟ್ಟರು. ಇನ್ನೊಬ್ಬ ಮೆಕ್ಯಾನಿಕ್ ಏನೂ ಮಾತಾಡದೆ ಟ್ಯಾಂಕಿನಿಂದ ಒಂದಿಷ್ಟು ಎಳೆದು ಗಾಜಿನ ಬಾಟಲಿಗೆ ಹಿಡಿದ. ಹತ್ತು ನಿಮಿಷ ಗೋಡೆಯ ಮೇಲಿಟ್ಟ. ಮೇಲೆ ತಿಳಿಹಳದಿ ಪೆಟ್ರೋಲು, ಕೆಳಗೆ ಎರಡು ಬೆರಳಷ್ಟು ಮಬ್ಬು ನೀರು, ನಡುವೆ ಕತ್ತರಿಸಿದಂಥ ಗೆರೆ. ಮುಚ್ಚಳದ ರಬ್ಬರ್ ಉಂಗುರ ಬಿರುಕು ಬಿಟ್ಟು ಮಳೆನೀರು ಒಳಗಿಳಿದಿತ್ತು.

ಎಥೆನಾಲ್ ಇಲ್ಲದ ಪೆಟ್ರೋಲಿನಲ್ಲಿ ನೀರು ಬೆರೆಯುವುದಿಲ್ಲ, ಸುಮ್ಮನೆ ತಳಕ್ಕಿಳಿಯುತ್ತದೆ. ಎಥೆನಾಲ್ ನೀರನ್ನು ಸ್ವಲ್ಪ ಮಟ್ಟಿಗೆ ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿತೋ, ನೀರೂ ಎಥೆನಾಲೂ ಕೈ ಹಿಡಿದುಕೊಂಡು ಒಟ್ಟಿಗೆ ಕೆಳಗಿಳಿಯುತ್ತವೆ. ಪಂಪು ಎಳೆಯುವುದು ತಳದಿಂದಲೇ. ಮೇಲುಳಿದ ಪೆಟ್ರೋಲು ಎಥೆನಾಲನ್ನು ಕಳೆದುಕೊಂಡು ಆಕ್ಟೇನಿನಲ್ಲೂ ಬಡವಾಗುತ್ತದೆ. ವಾರಕ್ಕೊಮ್ಮೆ ತೆಗೆಯುವ ಆಸೆಯ ಕಾರು ಇಟ್ಟುಕೊಂಡವರು ಇದನ್ನು ನೆನಪಿಡಬೇಕು. ತಿಂಗಳಿಗೂ ಹೆಚ್ಚು ನಿಲ್ಲಿಸುವುದಾದರೆ ಟ್ಯಾಂಕ್ ಹೆಚ್ಚುಕಡಿಮೆ ತುಂಬಿಸಿ ನಿಲ್ಲಿಸಿ, ತೇವದ ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಮುಚ್ಚಳದ ಉಂಗುರ ನೋಡಿ. ಎಥೆನಾಲ್ ಇಲ್ಲದ 100 ಆಕ್ಟೇನಿಗೆ ಕೊಡುವ ದುಡ್ಡು ಸಾರ್ಥಕವಾಗುವ ಒಂದು ಸಂದರ್ಭವೆಂದರೆ ಇದೇ. ಬೆಂಗಳೂರಿನಿಂದ ಬರುವಾಗ ತುಂಬಿಸಿಕೊಂಡು ಬಂದು, ಹಾಗೇ ನಿಲ್ಲಿಸಿಬಿಡುವುದು. ಕ್ಯಾನಿನಲ್ಲಿ ತರುವ ಸಾಹಸ ಬೇಡ. ನಮ್ಮ ಬಿಸಿಲಿನಲ್ಲಿ ಡಿಕ್ಕಿಯೊಳಗಿನ ಪೆಟ್ರೋಲ್ ಕ್ಯಾನು ಬಾಂಬಿಗೆ ಸಮ.

ಬಂಕನ್ನು ಆರಿಸುವುದೂ ಇಂಧನ ಆರಿಸಿದಷ್ಟೇ ಮುಖ್ಯ ಎಂದು ನನಗೆ ಆ ಬಾಟಲಿ ನೋಡಿದ ಮೇಲೆ ಅನಿಸತೊಡಗಿತು. ವ್ಯಾಪಾರ ಜೋರಾಗಿರುವ ಬಂಕಿನಲ್ಲಿ ಪೆಟ್ರೋಲು ಹಳತಾಗುವುದಿಲ್ಲ. ಪ್ರೀಮಿಯಂ ನಾಜಲ್ಲಿಗೆ ಗಿರಾಕಿಗಳೇ ಇಲ್ಲದ ಕಡೆ ಆ ನೆಲದೊಳಗಿನ ಟ್ಯಾಂಕು ಎಷ್ಟು ದಿನದ್ದೋ. ಅನುಮಾನ ಬಂದರೆ ಕೇಳಿ: ಫಿಲ್ಟರ್ ಪೇಪರಿನ ಪರೀಕ್ಷೆ, ಸಾಂದ್ರತೆಯ ಪರೀಕ್ಷೆ, ಐದು ಲೀಟರಿನ ಅಳತೆ, ಮೂರನ್ನೂ ಗಿರಾಕಿ ಕೇಳಿದರೆ ಬಂಕಿನವರು ಮಾಡಿ ತೋರಿಸಬೇಕು. ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಬಿಟ್ಟರೆ ಒಳ್ಳೆಯ ಪೆಟ್ರೋಲು ಕಲೆ ಉಳಿಸದೆ ಆರಿಹೋಗುತ್ತದೆ. ಆದರೆ ಎಥೆನಾಲ್ ಎಷ್ಟಿದೆ ಎಂದು ಈ ಪೇಪರು ಹೇಳುವುದಿಲ್ಲ. ಹಾಗೆಯೇ ವಾರಂಟಿಯಲ್ಲಿರುವ ಕಾರಿನವರು ಬಂಕಿನ ಬಿಲ್ಲುಗಳನ್ನು ಒಂದು ಕವರಿನಲ್ಲಿ ಹಾಕಿಡಿ. ನಾಳೆ ಇಂಧನದ ತಕರಾರು ಎದ್ದರೆ ಕೈಯಲ್ಲಿರುವ ದಾಖಲೆ ಅದೊಂದೇ.

ಕಲ್ಯಾಣದುರ್ಗದಲ್ಲಿ ನಮ್ಮ ಭಾವನ ಬಳಿ ಕಾರ್ಬುರೇಟರ್ ಕಾಲದ ಪುಟ್ಟ ಕಾರೊಂದಿದೆ. ಅದಕ್ಕೆ ಸೆನ್ಸರೂ ಇಲ್ಲ, ಇಸಿಯುವೂ ಇಲ್ಲ. ಇ20 ಹಾಕಿದರೆ ತಾನಾಗಿ ಹೊಂದಿಕೊಳ್ಳುವ ಬುದ್ಧಿ ಅದಕ್ಕಿಲ್ಲ. ಮಧ್ಯಾಹ್ನ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಹಟ. ಪ್ರೀಮಿಯಂ ಹಾಕಿ ಹಾಕಿ ಸಾಕಾಗಿ ಭಾವ ಹೋದ ತಿಂಗಳು ಮೆಕ್ಯಾನಿಕ್ ಸಾಬರನ್ನು ಮನೆಗೇ ಕರೆಸಿದ್ದ. ಸಾಬರು ಬಾನೆಟ್ ಎತ್ತಿ, ಪೆಟ್ರೋಲ್ ಪೈಪನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿದರು. ನೆನೆಸಿದ ಅವರೆಕಾಳಿನ ಹಾಗೆ ಮೆತ್ತಗಾಗಿತ್ತು. ಕೈ ಮೂಸಿ, ಪ್ಯಾಂಟಿಗೆ ಒರೆಸಿಕೊಂಡರು. "ಭಾವನೋರೆ, ನೀವು ಯಾವ ನಂಬರಿನ ಪೆಟ್ರೋಲಾದ್ರೂ ಹಾಕಿ, ಮೊದ್ಲು ಇದು ಹೋಗ್ಲಿ" ಎಂದು ಚಾಕು ತೆಗೆದರು. ಎಥೆನಾಲ್ ತಡೆಯುವ ಪೈಪು ಒಂದೂವರೆ ಮೀಟರ್, ಕ್ಲಿಪ್ಪು ಆರು, ಜೆಟ್ಟು ಒಂದು ಸೈಜು ದೊಡ್ಡದು, ಕಾರ್ಬುರೇಟರ್ ಬಿಚ್ಚಿ ತೊಳೆದ ಕೂಲಿ ಬೇರೆ. ಎಲ್ಲ ಸೇರಿ ಖರ್ಚಾದದ್ದು ಭಾವ ಎರಡು ತಿಂಗಳಲ್ಲಿ ಪ್ರೀಮಿಯಮ್ಮಿಗೆಂದು ಹೆಚ್ಚುವರಿ ಸುರಿದಿದ್ದರ ಆಸುಪಾಸು. ಹಳೇ ಪೈಪಿನ ತುಂಡನ್ನು ಭಾವ ಬಿಸಾಕಲಿಲ್ಲ, ಡ್ಯಾಶ್‌ಬೋರ್ಡಿನ ಮೇಲೇ ಇಟ್ಟುಕೊಂಡಿದ್ದಾನೆ.